ಸಂಘ–ಸಂಸ್ಥೆ ಕಾನೂನು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಗ್ರಂಥಾಲಯ ಸಂಘ. ನಮ್ಮೂರಿನವರೇ ಆದ, ಈಗ ಅಮೆರಿಕದಲ್ಲಿ ನೆಲೆಸಿರುವ ಒಬ್ಬರು ಕಟ್ಟಡಕ್ಕೆ ಐದು ಲಕ್ಷ ರೂಪಾಯಿ ಕೊಡುತ್ತೇನೆ ಎಂದಿದ್ದಾರೆ. ಹಣ ಅವರ ಬೆಂಗಳೂರಿನ ಖಾತೆಯಿಂದ ರೂಪಾಯಿಯಲ್ಲೇ ಬರುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕೇ?

ಉತ್ತರ: ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ್ದೇ ಆಗಿದ್ದರೆ, ಅಂದರೆ ಅವರು ಎನ್‌ಆರ್‌ಐ ಮಾತ್ರ ಆಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಡಾಲರಿನಲ್ಲಿ ಕಳಿಸಿದರೂ ಅಷ್ಟೇ. ಪಾಸ್‌ಪೋರ್ಟ್ ಪ್ರತಿ, ದೇಣಿಗೆ ಪತ್ರ ಎರಡನ್ನೂ ಕಡತದಲ್ಲಿಡಿ.

ಅಮೆರಿಕದ ಪೌರತ್ವ ಪಡೆದಿದ್ದರೆ ಕಥೆಯೇ ಬೇರೆ. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಬೆಂಗಳೂರಿನ ಖಾತೆಯಿಂದ ರೂಪಾಯಿಯಲ್ಲೇ ಬಂದರೂ ಅದು ವಿದೇಶಿ ದೇಣಿಗೆ. ಹೆಚ್ಚಿನ ಸಂಘಗಳು ಎಡವುವುದು ಇಲ್ಲೇ. ಮೊತ್ತ ಚಿಕ್ಕದೆಂಬ ರಿಯಾಯಿತಿಯೂ ಇಲ್ಲ.

ಅಂಥ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಪೂರ್ಣ ನೋಂದಣಿಗೆ ಸಂಘಕ್ಕೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಕಳೆದ ಮೂರು ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಸಣ್ಣ ಗ್ರಂಥಾಲಯಕ್ಕೆ ಇದು ಎಟುಕುವುದು ಕಷ್ಟ. ಆದ್ದರಿಂದ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿಗೆ ಅರ್ಜಿ ಹಾಕಿ. ಇದು ಒಬ್ಬ ದಾನಿ, ನಿಗದಿತ ಮೊತ್ತ, ನಿಗದಿತ ಉದ್ದೇಶಕ್ಕೆ ಸಿಗುವ ಅನುಮತಿ. ದಾನಿಯ ಬದ್ಧತಾ ಪತ್ರ ಬೇಕು. ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕಪತ್ರವಾದ ಎಫ್‌ಸಿ-4 ನಮೂನೆ ಸಲ್ಲಿಸಬೇಕು.

‘ನೋಂದಣಿ ಇರುವ ಬೇರೆ ಸಂಸ್ಥೆ ಪಡೆದು ನಮಗೆ ದಾಟಿಸಲಿ’ ಎಂಬ ದಾರಿ 2020ರ ತಿದ್ದುಪಡಿಯಿಂದ ಮುಚ್ಚಿದೆ. ಕಾರ್ಯದರ್ಶಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳುವ ಸಲಹೆಯನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ತಪ್ಪು ಸಾಬೀತಾದರೆ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಪ್ರಶ್ನೆ: ಮೂರು ವರ್ಷದಿಂದ ಆಡಳಿತ ಮಂಡಳಿ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಟ್ಟಿಲ್ಲ. ಪದಾಧಿಕಾರಿಗಳು ಬದಲಾಗಿದ್ದಾರೆ, ಬ್ಯಾಂಕ್ ಸಹಿ ಬದಲಿಸಲು ಒಪ್ಪುತ್ತಿಲ್ಲ. ಏನು ಮಾಡಬೇಕು?

ಉತ್ತರ: ಬ್ಯಾಂಕ್ ಕೇಳುತ್ತಿರುವುದು ನೋಂದಣಾಧಿಕಾರಿ ದೃಢೀಕರಿಸಿದ ಪಟ್ಟಿಯನ್ನು. ಸಂಘಗಳ ನೋಂದಣಿ ಕಾಯ್ದೆಯ 13ನೇ ಕಲಮಿನ ಪ್ರಕಾರ ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾ–ಖರ್ಚು, ಆಸ್ತಿ–ಹೊಣೆ ಪಟ್ಟಿಯನ್ನೂ ಸಲ್ಲಿಸಬೇಕು. ಬಾಕಿ ಉಳಿದ ಪ್ರತಿ ವರ್ಷಕ್ಕೂ ಪ್ರತ್ಯೇಕ ಲೆಕ್ಕಪತ್ರ ಸಿದ್ಧಪಡಿಸಿ, ತಡವಾದ ಕಾರಣ ಬರೆದು, ದಂಡ ಶುಲ್ಕ ಕಟ್ಟಿ ಸಲ್ಲಿಸಿ. ಸಭೆಯೇ ನಡೆದಿಲ್ಲವೇ? ಬೈಲಾದಲ್ಲಿ ಹೇಳಿದಷ್ಟು ದಿನ ಮುಂಚೆ ಎಲ್ಲ ಸದಸ್ಯರಿಗೂ ನೋಟಿಸ್ ಕೊಟ್ಟು ಈಗ ಕರೆಯಿರಿ, ಬಾಕಿ ಲೆಕ್ಕಗಳನ್ನು ಅಲ್ಲೇ ಮಂಡಿಸಿ. ಹಳೆ ತಾರೀಖು ಹಾಕಿ ನಡಾವಳಿ ಬರೆಯಬೇಡಿ. ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೂ 25ನೇ ಕಲಮಿನಡಿ ನೋಂದಣಾಧಿಕಾರಿಯ ವಿಚಾರಣೆ ನಡೆಯಬಹುದು. ಆಗ ಮೊದಲು ತೆರೆಯುವುದೇ ನಡಾವಳಿ ಪುಸ್ತಕ, ಹಾಜರಾತಿ ಸಹಿ.