‘ಅಭ್ಯಾಸವಾಗುತ್ತದೆ’ ಎಂದು ನೋವು ನುಂಗಬೇಡಿ

ಪ್ರಶ್ನೆ: ನನಗೆ 47 ವರ್ಷ. ಸಕ್ಕರೆ ಕಾಯಿಲೆಯ ಹುಣ್ಣು ವಾಸಿಯಾಗದೆ 7 ತಿಂಗಳ ಹಿಂದೆ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಕೃತಕ ಕಾಲು ಬಂದು ಎರಡು ತಿಂಗಳಾಯಿತು. ಬೆಳಿಗ್ಗೆ ಸರಿಯಾಗಿಯೇ ಕೂರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಡಿಲವಾಗಿ, ಹೆಜ್ಜೆಹೆಜ್ಜೆಗೂ ಉಳಿದ ಕಾಲಿನ ತುದಿ ಒತ್ತಿ ಜೀವ ಹಿಂಡುತ್ತದೆ. ರಾತ್ರಿಯಾದರೆ ಇಲ್ಲದ ಪಾದದ ಬೆರಳುಗಳು ಉರಿಯುತ್ತವೆ. ಹೇಳಿದರೆ ಮನೆಯವರು ಹೆದರುತ್ತಾರೆಂದು ಸುಮ್ಮನಿದ್ದೇನೆ. ಎಲ್ಲರೂ ‘ಅಭ್ಯಾಸವಾಗುತ್ತದೆ’ ಎನ್ನುತ್ತಾರೆ. ನಿಜವೇ?
– ಹೆಸರು ಬೇಡ

ಉತ್ತರ: ಅಪಘಾತದಲ್ಲಿ ನನ್ನ ಎಡಗಾಲು ಹೋಗಿ 16 ವರ್ಷವಾಯಿತು. ನನ್ನದೂ ಮಂಡಿಯ ಕೆಳಗೇ. ಆ ಮಾತನ್ನು ನನಗೂ ಹೇಳಿದ್ದರು. ನಂಬಿ ಮೂರು ವಾರ ಹಲ್ಲು ಕಚ್ಚಿಕೊಂಡು ನಡೆದೆ. ಒಂದು ಸಂಜೆ ಲೈನರ್ (ಕೃತಕ ಕಾಲಿನೊಳಗೆ ಚರ್ಮಕ್ಕೆ ತಾಗಿ ಹಾಕುವ ಮೆತ್ತನೆಯ ಕವಚ) ಕಳಚಿದರೆ ಮೂಳೆಯ ತುದಿಯ ಮೇಲೆ ಚರ್ಮ ಕಿತ್ತು ಬಂದಿತ್ತು. ಅದು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಕೃತಕ ಕಾಲು ಗೋಡೆಗೆ ಒರಗಿಕೊಂಡಿತ್ತು, ನಾನು ಹಾಸಿಗೆಯಲ್ಲಿದ್ದೆ. ಆದ್ದರಿಂದ ಖಂಡಿತವಾಗಿ ಹೇಳುತ್ತೇನೆ: ಕಾಲಿನ ಭಾರ ಅಭ್ಯಾಸವಾಗುತ್ತದೆ, ನಡಿಗೆಯ ಲಯ ಅಭ್ಯಾಸವಾಗುತ್ತದೆ. ತುದಿ ಒತ್ತುವ ನೋವು ಅಭ್ಯಾಸವಾಗಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ಸ್ಪರ್ಶಜ್ಞಾನವೇ ಮಂದವಾಗಿರುವುದುಂಟು. ಅಂಥದ್ದರಲ್ಲಿ ನಿಮಗೆ ನೋವು ತಿಳಿಯುತ್ತಿದೆ ಎಂದರೆ ಅದು ಸಕಾಲದ ಎಚ್ಚರಿಕೆ.

ಮಧ್ಯಾಹ್ನದ ಸಡಿಲಕ್ಕೆ ಕಾರಣವಿದೆ. ಶಸ್ತ್ರಚಿಕಿತ್ಸೆಯ ನಂತರ ಹಲವು ತಿಂಗಳು, ಕೆಲವರಿಗೆ ವರ್ಷ ದಾಟಿದರೂ, ಉಳಿದ ಕಾಲು ಸಣ್ಣಗಾಗುತ್ತಲೇ ಇರುತ್ತದೆ: ಊತ ಇಳಿಯುತ್ತದೆ, ಸ್ನಾಯು ಸೊರಗುತ್ತದೆ. ಜೊತೆಗೆ ದಿನದೊಳಗಿನ ಏರಿಳಿತ ಬೇರೆ. ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಗಟ್ಟಿ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಅದರ ಒತ್ತಡಕ್ಕೆ ಕಾಲಿನಲ್ಲಿನ ದ್ರವ ಸರಿದು, ಬೆಳಿಗ್ಗೆ ತುಂಬಿಕೊಂಡಿದ್ದ ಕಾಲು ಮಧ್ಯಾಹ್ನಕ್ಕೆ ಬಡಕಲಾಗುತ್ತದೆ. ಸಾಕೆಟ್ ಮಾತ್ರ ಇದ್ದಂತೆಯೇ ಇರುತ್ತದೆ. ಭಾರವನ್ನು ಹೊರಬೇಕಾದದ್ದು ಮಂಡಿಚಿಪ್ಪಿನ ಕೆಳಗಿನ ಜಾಗ ಮತ್ತು ಸುತ್ತಲಿನ ಮಾಂಸ. ಕಾಲು ಒಳಗೆ ಕುಸಿದಾಗ ಆ ಭಾರವೆಲ್ಲ ತುದಿಯ ಮೇಲೆ ಬೀಳುತ್ತದೆ.

ಇದಕ್ಕಾಗಿಯೇ ಸ್ಟಂಪ್ ಸಾಕ್ಸ್‌ಗಳಿವೆ, ಉಳಿದ ಕಾಲಿಗೆ ತೊಡಿಸಿ ಸಡಿಲ ತುಂಬುವ ಕಾಲುಚೀಲಗಳು. ಅವುಗಳ ದಪ್ಪವನ್ನು ಪ್ಲೈ ಎಂಬ ಲೆಕ್ಕದಲ್ಲಿ ಹೇಳುತ್ತಾರೆ: 1, 3, 5. ನಿಮಗೆ ಕಾಲು ಕೊಟ್ಟವರು ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ, ಚೀಲದಲ್ಲಿ ಸದಾ ಇಟ್ಟುಕೊಳ್ಳಿ. ಪಾದ ಎತ್ತಿದಾಗ ಕೃತಕ ಕಾಲು ಕೆಳಕ್ಕೆ ಜಾರಿದಂತೆ ಅನಿಸಿದೊಡನೆ, ನೋವು ಶುರುವಾಗುವುದಕ್ಕೆ ಕಾಯದೆ, ಎಲ್ಲಾದರೂ ಕುಳಿತು ಕಳಚಿ 1 ಪ್ಲೈ ಸೇರಿಸಿ, ನಿಂತು ನೋಡಿ. ಸಾಲದಿದ್ದರೆ ಇನ್ನೊಂದು. ಅತಿಯಾದರೆ ಕಾಲು ಪೂರ್ತಿ ಒಳಗಿಳಿಯುವುದಿಲ್ಲ, ಅದೂ ತಪ್ಪೇ. ಹಾಕುವಾಗ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಸವರಿ. ಸಾಕ್ಸ್‌ನ ಒಂದೇ ಒಂದು ಸುಕ್ಕು ಸಂಜೆಗೆ ಚರ್ಮದಲ್ಲಿ ಹಗ್ಗ ಕಟ್ಟಿದಂತೆ ಗೆರೆ ಮೂಡಿಸುತ್ತದೆ. ಹೊಲಿಗೆ ಇದ್ದರೆ ಅದು ಹೊರಮುಖವಾಗಿರಲಿ, ಮೂಳೆಯ ತುದಿಯ ಮೇಲೆ ಕೂರದಿರಲಿ.

ಯಾವ ಗಂಟೆಗೆ ಎಷ್ಟು ಪ್ಲೈ ಎಂದು ಎರಡು ವಾರ ಬರೆದಿಡಿ. ನನ್ನ ಮೊದಲ ವರ್ಷದ ಪುಟ್ಟ ಪುಸ್ತಕ ಈಗಲೂ ನನ್ನ ಬಳಿ ಇದೆ. ಬೆಳಿಗ್ಗೆ 3, ಹನ್ನೊಂದಕ್ಕೆ 4, ಮೂರಕ್ಕೆ 6 ಎಂದೆಲ್ಲ. ಸಾಕ್ಸ್ ಹತ್ತು ಪ್ಲೈ ಆಸುಪಾಸಿಗೆ ಬಂದರೆ ಸಾಕೆಟ್ಟನ್ನೇ ಬದಲಿಸುವ ಕಾಲ ಬಂದಿದೆ ಎಂದರ್ಥ. ಮೊದಲ ಎರಡು ವರ್ಷಗಳಲ್ಲೇ ನನ್ನದನ್ನು ಎರಡು ಬಾರಿ ಬದಲಿಸಿದರು. ಅದನ್ನು ಸೋಲೆಂದು ತಿಳಿದು ಅತ್ತಿದ್ದೆ. ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ರಾತ್ರಿ ಉಳಿದ ಕಾಲನ್ನೂ ಲೈನರನ್ನೂ ಸೌಮ್ಯ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಕೈಗನ್ನಡಿ ಹಿಡಿದು ನೋಡಿ. ಕೆಂಪು ಗುರುತು ಹತ್ತು ಹದಿನೈದು ನಿಮಿಷದಲ್ಲಿ ಮಾಸಿದರೆ ಚಿಂತೆಯಿಲ್ಲ. ಮಾಸದಿದ್ದರೆ, ಗುಳ್ಳೆ ಎದ್ದಿದ್ದರೆ ಮರುದಿನ ಕಾಲು ಹಾಕಬೇಡಿ. ಅದೇ ಕನ್ನಡಿಯಲ್ಲಿ ಎಡಪಾದವನ್ನೂ ಬೆರಳ ಸಂದಿಗಳನ್ನೂ ತಪ್ಪದೆ ನೋಡಿ. ಸಕ್ಕರೆ ಕಾಯಿಲೆ ಅದನ್ನೂ ಬಿಡುವುದಿಲ್ಲ, ಈಗ ಅದರ ಮೇಲೆ ಬೀಳುತ್ತಿರುವ ಭಾರವೂ ಹೆಚ್ಚು.

ಇಲ್ಲದ ಬೆರಳುಗಳ ಉರಿ ಭ್ರಮೆಯಲ್ಲ, ನಿಮ್ಮ ಮನಸ್ಸು ಕೆಟ್ಟಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಟ್ಟ ವೈದ್ಯ ಸಿಲಾಸ್ ವೀರ್ ಮಿಚೆಲ್ 1871ರಲ್ಲೇ ಇದಕ್ಕೆ ‘ಫ್ಯಾಂಟಮ್ ಲಿಂಬ್’ (ಮಾಯಾ ಅಂಗ) ಎಂದು ಹೆಸರಿಟ್ಟು ಬರೆದಿದ್ದರು. ಪಾದ ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೆಯೇ ಉಳಿದಿರುತ್ತದೆ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕನ್ನಡಿಯ ಚಿಕಿತ್ಸೆಯನ್ನು ಬಳಕೆಗೆ ತಂದರು. ಉದ್ದನೆಯ ಕನ್ನಡಿಯನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿ, ಇರುವ ಪಾದದ ಬಿಂಬವನ್ನು ನೋಡುತ್ತ ಬೆರಳುಗಳನ್ನು ನಿಧಾನವಾಗಿ ಮಡಚಿ ಬಿಚ್ಚಬೇಕು. ನನ್ನ ಇಲ್ಲದ ಹೆಬ್ಬೆರಳು ಅಡಿಗೆ ಮಡಚಿ ಸಿಕ್ಕಿಕೊಂಡಂತೆ ನೋಯುತ್ತಿತ್ತು. ದಿನಕ್ಕೆ ಹದಿನೈದು ನಿಮಿಷ ಮಾಡಿದೆ. ಒಂಬತ್ತನೆಯ ದಿನ ಅದು ಬಿಚ್ಚಿಕೊಂಡಿತು. ಎಲ್ಲರಿಗೂ ಹೀಗೆ ಫಲಿಸುವುದಿಲ್ಲ. ನರದ ನೋವಿಗೆ ಬೇರೆ ಔಷಧಗಳೂ ಇವೆ, ವೈದ್ಯರಿಗೆ ತಪ್ಪದೆ ತಿಳಿಸಿ. ಊರುಗೋಲು ರಾತ್ರಿ ಕೈಗೆಟುಕುವಲ್ಲೇ ಇರಲಿ. ನಿದ್ದೆಗಣ್ಣಿನಲ್ಲಿ ಇಲ್ಲದ ಕಾಲನ್ನೇ ನಂಬಿ ಎದ್ದು ಬೀಳುವವರು ಬಹಳ.

ಮನೆಯವರಿಂದ ಮುಚ್ಚಿಡುವುದು ಮಾತ್ರ ಬೇಡ. ಇವತ್ತು ಸಂಜೆ ಕಾಲು ಕಳಚಿದ ಮೇಲೆ ಅವರಲ್ಲೊಬ್ಬರನ್ನು ಪಕ್ಕಕ್ಕೆ ಕರೆದು ತುದಿಯನ್ನು ತೋರಿಸಿ. ಹಿಂಬದಿ ನಿಮಗೆ ಸರಿಯಾಗಿ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ.