ಅಂಬಾಸಡರ್ ಸಿಗ್ನಲ್‌ನಲ್ಲಿ ಆಫ್ ಆಗುತ್ತಿದೆ, ಕಾರ್ಬೊರೇಟರ್ ಬದಲಿಸಬೇಕೆ?

ನಿಮ್ಮದು 1489 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ). ಬಿಸಿಯಾದ ಮೇಲೂ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಒತ್ತದಿರುವಾಗಿನ ಓಟ) ನಿಲ್ಲುವುದಿಲ್ಲ, ಚೋಕ್ ಸ್ವಲ್ಪ ಎಳೆದಿಟ್ಟರೆ ಓಡುತ್ತದೆ ಎಂದಿದ್ದೀರಿ. ಸದ್ಯಕ್ಕೆ ಕಾರ್ಬೊರೇಟರ್ ಬದಲಿಸಬೇಡಿ. ಹಾಗೆಯೇ ಚೋಕ್ ಎಳೆದರೆ ಸರಿಹೋಗುತ್ತದೆ ಎಂದಮಾತ್ರಕ್ಕೆ ಮಿಕ್ಸ್ಚರ್‌ನಲ್ಲಿ (ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ) ಪೆಟ್ರೋಲ್ ಕಡಿಮೆಯಾಗಿದೆ ಎಂದೂ ತೀರ್ಮಾನಿಸಬೇಡಿ. ಎಸ್‌ಯುನಲ್ಲಿ ಚೋಕ್ ಗುಂಡಿ ಮೊದಲು ಕ್ಯಾಮ್ ಮೂಲಕ ಥ್ರಾಟಲ್ (ಎಂಜಿನ್‌ಗೆ ಹೋಗುವ ಮಿಶ್ರಣದ ಬಾಗಿಲು) ತೆರೆಯುತ್ತದೆ, ಇನ್ನೂ ಎಳೆದರೆ ಮಾತ್ರ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಕೆಳಗಿಳಿಯುತ್ತದೆ. ಜೆಟ್ ಅಲುಗಾಡುವ ಮೊದಲೇ ಎಂಜಿನ್ ಸುಧಾರಿಸಿದರೆ ಅದು ಬರೀ ಹೆಚ್ಚಿದ ಆರ್‌ಪಿಎಂ. ಜೆಟ್ ಇಳಿದ ಮೇಲೆ ಸುಧಾರಿಸಿದರೆ ಮಿಕ್ಸ್ಚರ್ ಲೀನ್ ಇದೆ, ಅಂದರೆ ಪೆಟ್ರೋಲ್ ನಿಜಕ್ಕೂ ಕಡಿಮೆ ಎಂದರ್ಥ.

ಮೊದಲು ಕರೆಂಟ್ ಕಡೆ ನೋಡಿ. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್‌ನ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025 ಇಂಚು ಇರಬೇಕು. ಪಾಯಿಂಟ್ ಸವೆದು ಗ್ಯಾಪ್ ಕಡಿಮೆಯಾದರೆ ಟೈಮಿಂಗೂ ಹಿಂದೆ ಬೀಳುತ್ತದೆ. ಆಗ ಕಾರ್ಬೊರೇಟರ್ ಎಷ್ಟು ತಿರುವಿದರೂ ವ್ಯರ್ಥ.

ಆಮೇಲೆ ಏರ್ ಎಳೆಯುವ ಜಾಗಗಳು. ಇಷ್ಟು ಹಳೆಯ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಿರುಗುವ ಕಡ್ಡಿ) ಮೇಲೆ. ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಎಂಜಿನ್ ಓಡುತ್ತಿರುವಾಗ ಎರಡೂ ತುದಿಗೆ ಒಂದೊಂದು ಹನಿ ಎಂಜಿನ್ ಆಯಿಲ್ ಬಿಡಿ. ಒಂದು ಕ್ಷಣ ಓಟ ಬದಲಾದರೆ ಗಾಳಿ ಅಲ್ಲೇ ನುಗ್ಗುತ್ತಿದೆ. ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಿ ಹೊಸ ಸ್ಪಿಂಡಲ್ ಕೂರಿಸಿದರೆ ಸಾಕು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೆಯಬೇಡಿ: ಈ ಎಂಜಿನ್‌ನಲ್ಲಿ ಸುಡುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇದೆ, ಬೆಂಕಿ ಹತ್ತುತ್ತದೆ. ಮ್ಯಾನಿಫೋಲ್ಡ್ ನಟ್‌ಗಳು, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪಿನ ರಬ್ಬರ್ ತುದಿ ಇವನ್ನೂ ನೋಡಿಬಿಡಿ.

ಇಷ್ಟು ಸರಿಯಿದ್ದರೆ ಮಿಕ್ಸ್ಚರ್‌ಗೆ ಬನ್ನಿ. ಏರ್ ಕ್ಲೀನರ್ ಬಿಚ್ಚಿ, ಕಾರ್ಬೊರೇಟರ್ ಒಳಗಿನ ಪಿಸ್ಟನ್ ಬೆರಳಲ್ಲಿ ಎತ್ತಿ ಬಿಡಿ. ಟಕ್ ಎಂಬ ಸದ್ದಿನೊಂದಿಗೆ ಕೆಳಗೆ ಕೂರಬೇಕು. ಕೂರದಿದ್ದರೆ ಜೆಟ್ ಸೆಂಟರ್ ತಪ್ಪಿದೆ ಅಥವಾ ಒಳಗೆ ಕೊಳೆ ಕಟ್ಟಿದೆ. ಮೇಲಿನ ಡ್ಯಾಂಪರ್ ಎಣ್ಣೆ ಬತ್ತಿದ್ದರೆ ಸ್ಲೋ ಸ್ಪೀಡ್‌ಗೆ ತೊಂದರೆಯಿಲ್ಲ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತದೆ.

ಜೆಟ್ ನಟ್ ಪೂರ್ತಿ ಮೇಲೆ ತಿರುಗಿಸಿ, ಅಲ್ಲಿಂದ ಎರಡು ಸುತ್ತು, ಎಂದರೆ ಆರು ಮುಖದ ನಟ್‌ನ ಲೆಕ್ಕದಲ್ಲಿ 12 ಮುಖ ಕೆಳಗಿಳಿಸಿ. ಕೆಳಗೆ ಇಳಿಸಿದರೆ ರಿಚ್ (ಪೆಟ್ರೋಲ್ ಹೆಚ್ಚು), ಮೇಲೆ ಏರಿಸಿದರೆ ಲೀನ್. ತಿರುಗಿಸುವಾಗ ಜೆಟ್ ಮೇಲಕ್ಕೆ, ನಟ್‌ಗೆ ತಾಗಿ ಒತ್ತಿಕೊಂಡೇ ಇರಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಿಸ್ಟನ್ ಎತ್ತುವ ಪಿನ್ ಒತ್ತಿ, ಪಿಸ್ಟನ್ 0.8 ಮಿ.ಮೀ. ಮಾತ್ರ ಏರಲಿ. ಓಟ ಹೆಚ್ಚಾಗಿ ಹಾಗೇ ಉಳಿದರೆ ರಿಚ್. ಬಿದ್ದು ಆಫ್ ಆಗುವಂತಾದರೆ ಲೀನ್. ಕ್ಷಣಕಾಲ ಏರಿ ಮೊದಲಿನಂತಾದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ನಡುನಡುವೆ ಒಮ್ಮೆ ರೇಸ್ ಕೊಟ್ಟು ಸೇರಿಕೊಂಡ ಪೆಟ್ರೋಲ್ ತೆರವುಗೊಳಿಸಿ.

ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕವಿರುವುದರಿಂದ ಹಳೆಯ ಸೆಟ್ಟಿಂಗ್ ಈಗ ಲೀನ್ ಆಗುತ್ತದೆ. ನಟ್ ಮೊದಲಿಗಿಂತ ಕೆಳಗೆ ಬಂದರೆ ಗಾಬರಿಯಾಗಬೇಡಿ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇವೂ ಎಥನಾಲ್‌ಗೆ ತಡೆಯುವುದಿಲ್ಲ, ಅದಕ್ಕೆ ಹೊಂದುವವನ್ನೇ ಹಾಕಿಸಿ. ಸ್ಲೋ ಸ್ಪೀಡ್ ಸರಿಹೋಗಿಯೂ ಹೈವೇಯಲ್ಲಿ ಎಳೆತ ಕಡಿಮೆ ಅನ್ನಿಸಿದರೆ ನಟ್ ಮುಟ್ಟಬೇಡಿ. ಆಗ ಬದಲಾಗಬೇಕಾದ್ದು ನೀಡಲ್ (ಪಿಸ್ಟನ್‌ನಿಂದ ಜೆಟ್ ಒಳಗೆ ಇಳಿಯುವ ಸೂಜಿ), ಅದನ್ನು ರಿಚ್ ಕಡೆಯದಕ್ಕೆ ಬದಲಿಸಬೇಕು. ಥ್ರಾಟಲ್ ಸ್ಕ್ರೂ ತಿರುವಿ ಸ್ಲೋ ಸ್ಪೀಡ್ ಕೂರಿಸುವುದು ಎಲ್ಲ ಮುಗಿದ ಮೇಲಿನ ಕೆಲಸ, 700 ಆರ್‌ಪಿಎಂ ಸುತ್ತಮುತ್ತ.