ವಿಷ ಅಂತ ಗೊತ್ತಾದ ಮೇಲೂ ಖರ್ಚಿನ ಲೆಕ್ಕ ಯಾಕೆ?

ನಿಮ್ಮ ಪ್ರಶ್ನೆ ಇದು: ಒಂದು ರಾಸಾಯನಿಕ ಅಪಾಯಕಾರಿ ಅಂತ ಗೊತ್ತಾದ ಮೇಲೆ ಸೀದಾ ನಿಷೇಧಿಸಬಹುದಲ್ಲ, ರೈತರ ಖರ್ಚು, ಕಾರ್ಖಾನೆ ಕೆಲಸ ಅಂತೆಲ್ಲ ಸರ್ಕಾರ ಯಾಕೆ ಲೆಕ್ಕ ಹಾಕುತ್ತಾ ಕೂರುತ್ತದೆ?

ನಾನು ಪುತ್ತೂರು ಕಡೆಯವನು, ಬಹಳ ವರ್ಷ ಕೃಷಿ ಮದ್ದಿನ ಅಂಗಡಿ ನಡೆಸಿದವನು. ಹಾಗಾಗಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ಹಿಡಿದೇ ಹೇಳುತ್ತೇನೆ.

ಲೆಕ್ಕ ಹಾಕಲೇಬೇಕು ಅನ್ನುವವನು ನಾನು. ಆದರೆ ಆ ಲೆಕ್ಕದಲ್ಲಿ ಯಾರ ಖರ್ಚು ಬರೆದುಕೊಳ್ಳುತ್ತಾರೆ, ಯಾರದನ್ನು ಬಿಡುತ್ತಾರೆ, ಅಲ್ಲೇ ನನ್ನ ತಕರಾರು.

ಕೌಂಟರಿನ ಈಚೆಯಿಂದ ನೋಡಿ. "ಎಂಡೋ ಒಂದು ಲೀಟರ್ ಕೊಡಿ ಮಾರಾಯ್ರೆ" ಅಂತ ಬರುತ್ತಿದ್ದರು. ಬದನೆಗೂ ಅದೇ, ಭತ್ತಕ್ಕೂ ಅದೇ, ಗೇರಿಗೂ ಅದೇ. ಕ್ರಯವೂ ಕಮ್ಮಿ. ಜೇನಿಗೆ ಬೇರೆ ಮದ್ದುಗಳಷ್ಟು ತೊಂದರೆಯಿಲ್ಲ ಅಂತ ಕಂಪನಿಯವರು ಬೇರೆ ಹೇಳುತ್ತಿದ್ದರು. ಅರ್ಧ ಎಕರೆ ತರಕಾರಿ ಹಾಕಿದವನಿಗೆ ಅದು ನಾಳೆಯಿಂದ ಸಿಗುವುದಿಲ್ಲ ಅಂದರೆ ನಷ್ಟವೇ. ಅದನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ.

ಈಗ ಕಾಸರಗೋಡಿಗೆ ಬನ್ನಿ. ಅಲ್ಲಿ ಸರ್ಕಾರಿ ನಿಗಮದ ಸುಮಾರು 4,600 ಹೆಕ್ಟೇರ್ ಗೇರು ತೋಟಕ್ಕೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿದ್ದರು, ಟೀ ಸೊಳ್ಳೆಗೆ ಅಂತ. ಈ ಕೀಟ ಎಳೆ ಚಿಗುರು, ಹೂವಿನ ರಸ ಹೀರುತ್ತದೆ, ಗೊಂಚಲು ಸುಟ್ಟ ಹಾಗೆ ಒಣಗುತ್ತದೆ. ಮರದ ಮೇಲೆ ಎರಡು ಮೂರು ಮೀಟರ್ ಎತ್ತರದಿಂದ ಬಿಡಬೇಕು ಅಂತ ನಿಯಮ. ಗುಡ್ಡ ಕಣಿವೆಯ ಊರಲ್ಲಿ ಅದು ಆಗುವ ಮಾತಾ? ಮದ್ದು ಗಾಳಿಗೆ ತೇಲಿ ತೋಡಿಗೆ, ತೆರೆದ ಬಾವಿಗೆ ಬೀಳುತ್ತಿತ್ತು. ಎಣ್ಮಕಜೆಯ ಪಡ್ರೆಯಲ್ಲಿ, ಕನ್ನಡ ಮಾತಾಡುವ ಊರದು, ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳನ್ನು ಗಮನಿಸಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯದೂ ಇದೇ ಕಥೆ. ಎಲ್ಲ ಕಾಯಿಲೆಗೂ ಇದೊಂದೇ ಕಾರಣವಾ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಇದೆ.

ಆ ಜಗಳ ಮುಗಿಯುವವರೆಗೆ ಕಾಯಬೇಕಾ? ಸ್ಟಾಕ್‌ಹೋಮ್ ಒಪ್ಪಂದ (ಬೇಗ ಕರಗದ ವಿಷ ರಾಸಾಯನಿಕಗಳ ಬಗ್ಗೆ ದೇಶಗಳು ಮಾಡಿಕೊಂಡದ್ದು) ಬೇಡ ಅನ್ನುತ್ತದೆ: ಪೂರ್ತಿ ಪುರಾವೆ ಸಿಕ್ಕಿಲ್ಲ ಅನ್ನುವುದು ಪ್ರಸ್ತಾವ ನಿಲ್ಲಿಸಲು ನೆಪ ಆಗಬಾರದು. ಅಲ್ಲಿ ಎರಡು ಹಂತ. ಮೊದಲು ಅಪಾಯ ಇದೆಯಾ ಅಂತ ಮಾತ್ರ ನೋಡುತ್ತಾರೆ. ಎಂಡೋಸಲ್ಫಾನಿಗೆ ಇದು 2009ರಲ್ಲಿ ಆಯಿತು. ಆಮೇಲೆ 2010ರಲ್ಲಿ ಬದಲಿ ಏನಿದೆ, ಎಷ್ಟು ಖರ್ಚು, ಯಾರಿಗೆ ಹೊರೆ ಅನ್ನುವ ಸಾಮಾಜಿಕ, ಆರ್ಥಿಕ ಲೆಕ್ಕ. ಈ ಕ್ರಮ ನನಗೆ ಬಹಳ ಹಿಡಿಸಿತು. ಎರಡನ್ನೂ ಒಟ್ಟಿಗೆ ಕಲಸಿದರೆ "ಅಗ್ಗ ಇದೆ, ಹಾಗಾಗಿ ಅಷ್ಟೇನೂ ಅಪಾಯವಿಲ್ಲ" ಅನ್ನುವಲ್ಲಿಗೆ ಮಾತು ಮುಟ್ಟುತ್ತದೆ.

ಭಾರತ ಆಗ ಇದರ ದೊಡ್ಡ ಉತ್ಪಾದಕ ದೇಶ, ನಿಷೇಧ ಬೇಡ ಅಂತ ಹಟ ಹಿಡಿದಿತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಆ ಒಪ್ಪಂದದ ಸಭೆಯಲ್ಲಿ ಕೊನೆಗೆ ಒಪ್ಪಿತು, ಕೆಲವು ಬೆಳೆ–ಕೀಟಗಳಿಗೆ ಕೆಲ ವರ್ಷ ವಿನಾಯಿತಿ ಅನ್ನುವ ಷರತ್ತಿನ ಮೇಲೆ. ಆ ಪಟ್ಟಿಯಲ್ಲಿ ಕಾಫಿಯ ಕಾಯಿಕೊರಕ ಇದೆ, ಹತ್ತಿಯ ಹುಳ ಇದೆ, ಚಹಾ ಗಿಡದ ಟೀ ಸೊಳ್ಳೆಯೂ ಇದೆ. ಗೇರು ಇಲ್ಲ! ಹೆಸರು ಒಂದೇ, ಹತ್ತಿರದ ಸಂಬಂಧಿ ಕೀಟಗಳೇ, ಆದರೆ ಒಂದು ಬೆಳೆಗೆ ಕಾಲಾವಕಾಶ, ಇನ್ನೊಂದಕ್ಕೆ ಇಲ್ಲ. ಹೀಗೆ ಬಳಕೆ ಬಳಕೆಗೆ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಲೆಕ್ಕಕ್ಕೆ ಅರ್ಥ. ಅಮೆರಿಕದವರೂ ಹಾಗೇ ಮಾಡಿದರು: 2010ರಲ್ಲಿ ತೀರ್ಮಾನಿಸಿ, ಬೆಳೆಗೊಂದು ಗಡುವು ಕೊಟ್ಟು, 2016ರ ಜುಲೈಗೆ ಪೂರ್ತಿ ಮುಗಿಸಿದರು.

ನಮ್ಮಲ್ಲಿ ಅಷ್ಟು ವ್ಯವಧಾನ ಸಿಗಲಿಲ್ಲ. ಕೀಟನಾಶಕ ಕಾಯ್ದೆಯಲ್ಲಿ ಒಂದು ಮದ್ದನ್ನು ತಡೆಹಿಡಿಯಲು ರಾಜ್ಯಕ್ಕಿದ್ದ ಅಧಿಕಾರ 60 ದಿನದ್ದು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಅಷ್ಟನ್ನೇ ಬಳಸಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ತಡೆ ಹಾಕಿತು. ಅಂಗಡಿಯಲ್ಲಿ ದಾಸ್ತಾನು ಇದ್ದವರೆಲ್ಲ ಗೊಣಗಿದೆವು. ಆದರೆ ಗೇರು ಉಳಿಯಿತಲ್ಲ! ಚಿಗುರು ಬಂದಾಗ ಹೊಡೆಯಲು ಲ್ಯಾಂಬ್ಡಾ ಸೈಹಾಲೋಥ್ರಿನ್ ಅನ್ನುವ ಬೇರೆ ಮದ್ದು ಇತ್ತು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಮರದ ಮೇಲಿನ ಚಿಗಳಿ ಇರುವೆಯೇ ಟೀ ಸೊಳ್ಳೆಯನ್ನು ಹಿಡಿತದಲ್ಲಿಡುತ್ತದೆ ಅಂತಲೂ ಕೆಲಸ ಮಾಡಿದ್ದಾರೆ. (ಕೊಯ್ಲಿನವರಿಗೆ ಅದರ ಕಡಿತ ಬೇರೆ ತಲೆನೋವು, ಅದೂ ಒಂದು ಖರ್ಚೇ.) ಬದಲಿ ಇಲ್ಲ ಅನ್ನುವ ಮಾತನ್ನು ಅಂದಿನಿಂದ ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಇನ್ನು ಬಿಟ್ಟುಹೋದ ಖರ್ಚು. ಕಾರ್ಖಾನೆಯ ನಷ್ಟಕ್ಕೆ ಬ್ಯಾಲೆನ್ಸ್ ಶೀಟ್ ಇದೆ, ರೈತನ ಹೆಚ್ಚುವರಿ ಖರ್ಚಿಗೆ ಬಿಲ್ ಇದೆ. ಇಪ್ಪತ್ತು ವರ್ಷದ ಮಗನಿಗೆ ಉಣಿಸಿ, ತೊಳೆಸಿ, ಬೀಡಿ ಕಟ್ಟುವುದನ್ನೂ ಬಿಟ್ಟು ಮನೆಯಲ್ಲಿ ಕೂತ ಅಮ್ಮನ ಕೂಲಿಗೆ ಏನಿದೆ? ಆ ಖರ್ಚು ಹೊತ್ತವರು ಆಕೆ, ಸ್ವಲ್ಪ ಮಟ್ಟಿಗೆ ಸರ್ಕಾರದ ಖಜಾನೆ. ಕೊಕ್ಕಡ, ಕೊಯ್ಲದಲ್ಲಿ ಪಾಲನಾ ಕೇಂದ್ರಗಳು ಬಂದವು, ಮಾಸಾಶನ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಇದೆಲ್ಲ ಮೊದಲೇ ಲೆಕ್ಕಕ್ಕೆ ಬಂದಿದ್ದರೆ ಆ ಅಗ್ಗದ ಬಾಟ್ಲಿ ಅಗ್ಗ ಅನಿಸುತ್ತಲೇ ಇರಲಿಲ್ಲ.

ನಿಮಗೆ ನಿಜವಾಗಿ ಆಸಕ್ತಿ ಇದ್ದರೆ ಇನ್ನೊಂದು ಹೇಳುತ್ತೇನೆ. 2020ರಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿ ಆಕ್ಷೇಪಣೆ ಕೇಳಿತ್ತು. ನಮ್ಮಲ್ಲಿ ಅಡಿಕೆಯ ಬೇರುಹುಳಕ್ಕೆ ಬಳಸುವ ಕ್ಲೋರ್‌ಪೈರಿಫಾಸ್ ಕೂಡ ಅದರಲ್ಲಿತ್ತು. 2023ರಲ್ಲಿ ಆ ಪಟ್ಟಿಯಿಂದ ಪೂರ್ತಿ ನಿಷೇಧವಾಗಿದ್ದು ಮೂರೇ: ಡೈಕೋಫಾಲ್, ಡಿನೋಕ್ಯಾಪ್, ಮೆಥೋಮಿಲ್. ಇಂಥ ಕರಡಿಗೆ ಯಾರು ಬೇಕಾದರೂ ಬರೆಯಬಹುದು. ಕಂಪನಿಗಳಂತೂ ಅಂಕಿಅಂಶ ಸಮೇತ ಬರೆಯುತ್ತವೆ. ಮುಂದಿನ ಸಲ ಕರಡು ಬಂದಾಗ ಮದ್ದು ಹೊಡೆಯುವ ಕೂಲಿಯವರ ಆಸ್ಪತ್ರೆ ಚೀಟಿ, ತಪ್ಪಿಹೋದ ಕೆಲಸದ ದಿನ, ಬಾವಿ ನೀರಿನ ಪರೀಕ್ಷೆಯ ವರದಿ ಜೋಡಿಸಿ ನೀವೂ ಕಳಿಸಿ.